ಪೋಲಿಷ್‌ನಲ್ಲಿ ‘ಶಾರ್ಟೇಜ್’ ಹೇಳುವುದು ಹೇಗೆ? ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

‘ಶಾರ್ಟೇಜ್’ ಇಂಗ್ಲಿಷ್ ಪದವಾದರೂ ನಮ್ಮ ಬಾಯಲ್ಲಿ ಮನೆಮಾತಾಗಿದೆ. ಬೇಸಿಗೆ ಬಂದರೆ ನೀರಿಗೆ ಶಾರ್ಟೇಜ್, ಕಾಲೇಜಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್, ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ನೂರು ರೂಪಾಯಿ ಶಾರ್ಟೇಜ್, ರಕ್ತ ಪರೀಕ್ಷೆಯ ವರದಿಯಲ್ಲಿ ಕಬ್ಬಿಣಾಂಶ ಶಾರ್ಟೇಜ್. ಪೋಲೆಂಡಿಗೆ ಓದಲಿಕ್ಕೋ ಕೆಲಸಕ್ಕೋ ಹೋದವರು ಈ ಪದವನ್ನು ಇಂಗ್ಲಿಷ್–ಪೋಲಿಷ್ ನಿಘಂಟಿನಲ್ಲಿ ಹುಡುಕಿದರೆ ಬ್ರಾಕ್, ನ್ಯೆದೊಬೂರ್, ದೆಫಿತ್ಸಿತ್, ನ್ಯೆದೊಸ್ತಾತೆಕ್, ಮಾಂಕೊ ಎಂದು ಸಾಲಾಗಿ ಪದಗಳು ಎದುರಾಗುತ್ತವೆ. ಯಾವುದನ್ನು ಎಲ್ಲಿ ಬಳಸಬೇಕೆಂದು ನಿಘಂಟು ಹೇಳುವುದಿಲ್ಲ. ಮೇಲೆ ಹೇಳಿದ ನಾಲ್ಕೂ ಸಂದರ್ಭಗಳಿಗೆ ಪೋಲಿಷ್ ಜನ ನಾಲ್ಕು ಬೇರೆ ಬೇರೆ ಮಾತು ಆಡುತ್ತಾರೆ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷನ್ನು ನಡುವೆ ತರದೆ ಕನ್ನಡದಿಂದ ನೇರವಾಗಿ ಪೋಲಿಷ್‌ಗೆ ಹೋದರೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಈ ಬರಹದ ಉದ್ದಕ್ಕೂ ನಾನು ಅದನ್ನೇ ಒತ್ತಿ ಹೇಳುತ್ತೇನೆ.

ಮೊದಲು ಉಚ್ಚಾರದ ಬಗ್ಗೆ ಎರಡು ಮಾತು. ಪೋಲಿಷ್ ಪದಗಳನ್ನು ಇಲ್ಲಿ ಕಿವಿಗೆ ಕೇಳುವಂತೆ ಬರೆದಿದ್ದೇನೆ. ಚುಕ್ಕೆ ಇರುವ ‘ಜ಼’ವನ್ನು ‘ಜ಼ೀಬ್ರಾ’ದಲ್ಲಿ ಇರುವ ಹಾಗೆ, ‘ಝ’ವನ್ನು ‘ಟೆಲಿವಿಷನ್’ ಪದದ ನಡುವೆ ಬರುವ ದನಿಯ ಹಾಗೆ ಹೇಳಿಕೊಳ್ಳಿ. ಒತ್ತು ಬಹುತೇಕ ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ.

ಹಂತ 1: ನಾಮಪದವನ್ನು ಬಿಡಿ, ಕ್ರಿಯಾಪದದಿಂದ ಶುರುಮಾಡಿ

ಬಹಳ ಮಂದಿ ‘ಬ್ರಾಕ್’ ಎಂಬ ನಾಮಪದವನ್ನು ಮೊದಲು ಕಲಿತು, ‘ನನ್ನ ಬಳಿ ಹಣದ ಕೊರತೆ ಇದೆ’ ಎಂದು ಹೇಳಲು ‘ಮಾಮ್ ಬ್ರಾಕ್ ಪ್ಯೆನ್ಯೆಂದ್ಜ಼ಿ’ ಎಂದು ಜೋಡಿಸುತ್ತಾರೆ. ಕೇಳಿದವರಿಗೆ ಅರ್ಥವಾಗುತ್ತದೆ, ಆದರೆ ಪೋಲಿಷ್ ಜನ ಹಾಗೆ ಹೇಳುವುದಿಲ್ಲ. ದಿನನಿತ್ಯದ ಮಾತಿನಲ್ಲಿ ಕೆಲಸ ಮಾಡುವುದು ‘ಬ್ರಾಕೂಯೆ’ ಎಂಬ ಕ್ರಿಯಾಪದ.

ಬ್ರಾಕೂಯೆ ಮಿ ಪ್ಯೆನ್ಯೆಂದ್ಜ಼ಿ: ನನಗೆ ದುಡ್ಡು ಸಾಲುತ್ತಿಲ್ಲ.
ಬ್ರಾಕೂಯೆ ನಾಮ್ ಲುಜಿ: ನಮಗೆ ಜನ ಸಾಲುತ್ತಿಲ್ಲ.
ಬ್ರಾಕೂಯೆ ಮು ಚಾಸು: ಅವನಿಗೆ ಸಮಯ ಸಾಲುತ್ತಿಲ್ಲ.

ಕನ್ನಡ ವಾಕ್ಯಗಳನ್ನು ಗಮನಿಸಿ. ನನಗೆ, ನಮಗೆ, ಅವನಿಗೆ. ಕೊರತೆ ಯಾರನ್ನು ಕಾಡುತ್ತಿದೆಯೋ ಅವರಿಗೆ ನಾವು ‘ಗೆ’ ಪ್ರತ್ಯಯ ಹಚ್ಚುತ್ತೇವೆ. ಪೋಲಿಷ್ ಕೂಡ ಅದನ್ನೇ ಮಾಡುತ್ತದೆ. ಮಿ ಎಂದರೆ ನನಗೆ, ಚಿ ಎಂದರೆ ನಿನಗೆ, ಮು ಅವನಿಗೆ, ಯೆಯ್ ಅವಳಿಗೆ, ನಾಮ್ ನಮಗೆ, ವಾಮ್ ನಿಮಗೆಲ್ಲ, ಇಮ್ ಅವರಿಗೆ. ಇಂಗ್ಲಿಷ್‌ನಲ್ಲಿ ಕೊರತೆ ಇರುವವನೇ ವಾಕ್ಯದ ಕರ್ತೃ. ಕನ್ನಡದಲ್ಲೂ ಪೋಲಿಷ್‌ನಲ್ಲೂ ಕೊರತೆ ಅವನ ಮೇಲೆ ಬಂದು ಬೀಳುವಂಥದ್ದು. ಆದ್ದರಿಂದ ಈ ವಾಕ್ಯರಚನೆಯನ್ನು ನೀವು ಹೊಸದಾಗಿ ಕಲಿಯಬೇಕಾಗಿಲ್ಲ, ನೆನಪಿಸಿಕೊಂಡರೆ ಸಾಕು.

ಹಿರಿಯರೊಂದಿಗೆ, ಅಪರಿಚಿತರೊಂದಿಗೆ, ಕಚೇರಿಯಲ್ಲಿ ‘ಚಿ’ ಸಲ್ಲದು. ಗಂಡಸರಿಗೆ ‘ಪಾನು’, ಹೆಂಗಸರಿಗೆ ‘ಪಾನಿ’ ಎನ್ನಬೇಕು. ‘ಚೆಗೊ ಪಾನಿ ಬ್ರಾಕೂಯೆ?’ ಎಂದರೆ ‘ತಮಗೆ ಏನು ಕಡಿಮೆಯಾಗಿದೆ, ಮೇಡಂ?’ ಎಂದಂತೆ.

ಇನ್ನೊಂದು ಸಂಗತಿ: ಈ ಕ್ರಿಯಾಪದ ವಸ್ತು ಒಂದಿರಲಿ, ನೂರಿರಲಿ, ರೂಪ ಬದಲಿಸುವುದಿಲ್ಲ. ಒಂದು ಸಹಿ ಇಲ್ಲದಿದ್ದರೂ ಬ್ರಾಕೂಯೆ, ಎರಡು ಪುಟ ಇಲ್ಲದಿದ್ದರೂ ಬ್ರಾಕೂಯೆ. ಬಹುವಚನ ಮಾಡಲು ಹೋಗಬೇಡಿ.

ಹಂತ 2: ಇಲ್ಲದ ವಸ್ತುವಿಗೆ ಷಷ್ಠಿ ವಿಭಕ್ತಿ

ಕಷ್ಟ ಇರುವುದು ಇಲ್ಲಿ. ನಾವು ‘ನೀರಿನ ಅಭಾವ’ ಎನ್ನುವಾಗ ನೀರಿಗೆ ಷಷ್ಠಿ ಹಚ್ಚುತ್ತೇವೆ, ‘ನೀರು ಸಾಲುತ್ತಿಲ್ಲ’ ಎನ್ನುವಾಗ ಬಿಟ್ಟುಬಿಡುತ್ತೇವೆ. ಪೋಲಿಷ್ ಎರಡೂ ಕಡೆ ಷಷ್ಠಿಯನ್ನೇ ಹಿಡಿಯುತ್ತದೆ. ನೀರು ‘ವೊದಾ’, ‘ಬ್ರಾಕ್ ವೊದಿ’ ನೀರಿನ ಅಭಾವ, ‘ಬ್ರಾಕೂಯೆ ವೊದಿ’ ನೀರು ಸಾಲುತ್ತಿಲ್ಲ, ‘ನ್ಯೆ ಮಾ ವೊದಿ’ ನೀರಿಲ್ಲ. ಮೂರರಲ್ಲೂ ವೊದಿ.

ಸ್ತ್ರೀಲಿಂಗದ ಪದಗಳು ಸುಲಭ. ಕೊನೆಯ ‘ಆ’ ಹೋಗಿ ‘ಇ’ ಬರುತ್ತದೆ: ಕಾವಾ (ಕಾಫಿ) ಕಾವಿ ಆಗುತ್ತದೆ. ನಪುಂಸಕದಲ್ಲಿ ‘ಒ’ ಹೋಗಿ ‘ಆ’: ಮ್ಲೆಕೊ (ಹಾಲು) ಮ್ಲೆಕಾ. ತಲೆನೋವು ತರುವುದು ಪುಲ್ಲಿಂಗದ ನಿರ್ಜೀವ ಪದಗಳು. ಕೆಲವಕ್ಕೆ ‘ಉ’, ಕೆಲವಕ್ಕೆ ‘ಆ’. ಕರೆಂಟು ‘ಪ್ರೋಂತ್’, ಅದರ ಷಷ್ಠಿ ‘ಪ್ರೋಂದು’. ಸಕ್ಕರೆ ‘ತ್ಸುಕ್ಯೆರ್’, ಷಷ್ಠಿ ‘ತ್ಸುಕ್ರು’. ಬ್ರೆಡ್ಡು ‘ಹ್ಲೆಪ್’, ಅದು ಮಾತ್ರ ‘ಹ್ಲೆಬಾ’. ಇದಕ್ಕೆ ಪೂರಾ ನಂಬಬಹುದಾದ ಸೂತ್ರವಿಲ್ಲ. ಆದ್ದರಿಂದ ಪದ ಕಲಿಯುವಾಗಲೇ ‘ನ್ಯೆ ಮಾ’ ಸೇರಿಸಿ ಕಲಿಯಿರಿ: ಹ್ಲೆಪ್, ನ್ಯೆ ಮಾ ಹ್ಲೆಬಾ. ತ್ಸುಕ್ಯೆರ್, ನ್ಯೆ ಮಾ ತ್ಸುಕ್ರು. ಮಗ್ಗಿ ಹೇಳುವ ಹಾಗೆ ಬಾಯಿಗೆ ಬಂದುಬಿಟ್ಟರೆ ಆಮೇಲೆ ಯೋಚಿಸುವ ಕೆಲಸವಿರುವುದಿಲ್ಲ.

ಬಹುವಚನದಲ್ಲಿ ಹಲವು ಪದಗಳ ಬಾಲವೇ ಕತ್ತರಿಸಿಹೋಗುತ್ತದೆ. ಆಸನಗಳು ‘ಮ್ಯೆಯ್ಸ್ತ್ಸಾ’, ‘ಬ್ರಾಕ್ ಮ್ಯೆಯ್ಸ್ತ್ಸ್’ ಎಂದರೆ ಸೀಟು ಖಾಲಿ ಇಲ್ಲ. ಕೈಗಳು ‘ರೆಂತ್ಸೆ’, ದುಡಿಯುವ ಕೈಗಳು ಸಾಲುತ್ತಿಲ್ಲ ಎನ್ನಲು ‘ಬ್ರಾಕೂಯೆ ರೋಂಕ್ ದೊ ಪ್ರಾತ್ಸಿ’. ಕಾರ್ಮಿಕರ ಕೊರತೆಯ ಬಗ್ಗೆ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಪದೇ ಪದೇ ಕೇಳುವ ಮಾತಿದು. ಇಡಿಯಾಗಿ ಕಲಿತಿಟ್ಟುಕೊಳ್ಳಿ.

ಹಂತ 3: ಸಾಲುತ್ತಿಲ್ಲವೋ, ತೀರಿಹೋಯಿತೋ?

‘ಬ್ರಾಕೂಯೆ’ ನಡೆಯುತ್ತಿರುವ ಕೊರತೆ. ಹಿಂದೆ ಇತ್ತು ಎನ್ನಲು ‘ಬ್ರಾಕೊವಾವೊ’, ಮುಂದೆ ಇರುತ್ತದೆ ಎನ್ನಲು ‘ಬೆಂಜೆ ಬ್ರಾಕೊವಾಚ್’. ಆದರೆ ಒಂದು ಗಳಿಗೆಯಲ್ಲಿ ವಸ್ತು ಮುಗಿದುಹೋದರೆ ಬೇರೆಯೇ ಕ್ರಿಯಾಪದ: ‘ಜ಼ಬ್ರಾಕ್ವೊ’ ಎಂದರೆ ಸಾಲದೆ ಹೋಯಿತು, ‘ಜ಼ಬ್ರಾಕ್ನ್ಯೆ’ ಎಂದರೆ ಸಾಲದೆ ಹೋಗುತ್ತದೆ.

2022ರ ಜುಲೈಯಲ್ಲಿ ಪೋಲೆಂಡಿನ ಅಂಗಡಿಗಳಲ್ಲಿ ಸಕ್ಕರೆಯ ಕಪಾಟುಗಳು ಖಾಲಿಯಾದವು. ಕೆಲವು ಅಂಗಡಿಗಳು ಒಬ್ಬರಿಗೆ ಇಷ್ಟೇ ಕಿಲೋ ಎಂದು ಮಿತಿ ಹಾಕಿದವು. ಜನರ ಭಯ ‘ಜ಼ಬ್ರಾಕ್ನ್ಯೆ ತ್ಸುಕ್ರು’, ಸಕ್ಕರೆ ಸಿಗದೆ ಹೋಗುತ್ತದೆ ಎಂಬುದು. ಅಂಗಡಿಗೆ ತಡವಾಗಿ ಹೋದವರು ಮನೆಗೆ ಬಂದು ಹೇಳುವುದು ‘ಜ಼ಬ್ರಾಕ್ವೊ ತ್ಸುಕ್ರು’, ನಮ್ಮ ಪಾಲಿಗೆ ಬರುವಷ್ಟರಲ್ಲಿ ತೀರಿತ್ತು ಎಂಬುದು. ಆ ಕಾಲವನ್ನು ಇಂದು ನೆನೆಯುವವರು ಹೇಳುವುದು ‘ಬ್ರಾಕೊವಾವೊ ತ್ಸುಕ್ರು’, ಆಗ ಸಕ್ಕರೆಗೆ ತತ್ವಾರವಿತ್ತು ಎಂಬುದು. ಅದೇ ವರ್ಷ ರಷ್ಯಾದ ಕಲ್ಲಿದ್ದಲನ್ನು ನಿಷೇಧಿಸಿದ ಮೇಲೆ ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಕಲ್ಲಿದ್ದಲಿನ ಬಗ್ಗೆಯೂ ಇದೇ ಮೂರು ರೂಪಗಳು ಊರೆಲ್ಲ ಕೇಳಿಬಂದವು.

ಅಂಗಡಿಯವರು ಸಾಮಾನ್ಯವಾಗಿ ಇಷ್ಟು ದೂರ ಹೋಗುವುದಿಲ್ಲ. ‘ನ್ಯೆ ಮಾ’ (ಇಲ್ಲ) ಎಂದೋ ‘ಸ್ಕೋಂಚಿವೊ ಶೆ’ (ಮುಗೀತು) ಎಂದೋ ಹೇಳಿ ಮುಗಿಸುತ್ತಾರೆ. ಕ್ಯಾಷ್ ಕೌಂಟರಿನಲ್ಲಿ ಎರಡು ಜ಼್ವೊತಿ ಕಡಿಮೆ ಬಿದ್ದರೆ ‘ಬ್ರಾಕೂಯೆ ಮಿ ದ್ವುಹ್ ಜ಼್ವೊತಿಹ್’ ಎನ್ನಿ. ಚಿಲ್ಲರೆ ಇಲ್ಲ ಎನ್ನಲು ಮಾತ್ರ ಬ್ರಾಕೂಯೆ ಬೇಡ. ‘ನ್ಯೆ ಮಾಮ್ ದ್ರೊಬ್ನಿಹ್’ ಎಂಬುದೇ ರೂಢಿ. ತಿಂಗಳ ಕೊನೆಯವರೆಗೆ ಸಂಬಳ ಎಳೆಯುವುದಿಲ್ಲ ಎನ್ನುವವರು ‘ನ್ಯೆ ಸ್ತಾರ್ಚಾ ದೊ ಪ್ಯೆರ್ಫ್‌ಶೆಗೊ’ ಎನ್ನುತ್ತಾರೆ, ‘ಒಂದನೇ ತಾರೀಖಿನವರೆಗೆ ಸಾಲುವುದಿಲ್ಲ’ ಎಂದು. ನಮ್ಮಲ್ಲಿಯ ಸಂಬಳದಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಂತ 4: ನಾಮಪದ ಬೇಕೇ ಬೇಕೆಂದಾಗ ಆರಿಸುವ ಬಗೆ

ಬರವಣಿಗೆಯಲ್ಲಿ, ವರದಿಯಲ್ಲಿ, ವೈದ್ಯರ ಮುಂದೆ ನಾಮಪದ ಬೇಕಾಗುತ್ತದೆ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪೂರ್ತಿ ಇಲ್ಲವೋ, ಇರಬೇಕಾದಷ್ಟು ಇಲ್ಲವೋ?

ಪೂರ್ತಿ ಇಲ್ಲದಿದ್ದರೆ, ಅಥವಾ ಎಷ್ಟು ಕಡಿಮೆ ಎಂಬುದು ಮುಖ್ಯವಲ್ಲದಿದ್ದರೆ, ‘ಬ್ರಾಕ್’. ಕನ್ನಡದ ‘ಅಭಾವ’ಕ್ಕೆ ಹತ್ತಿರ. ಕಾರಣ ಹೇಳುವಾಗ ‘ಜ಼್ ಬ್ರಾಕು ಚಾಸು’ (ಸಮಯವಿಲ್ಲದ ಕಾರಣ), ನ್ಯಾಯಾಲಯದ ಸುದ್ದಿಯಲ್ಲಿ ‘ಜ಼್ ಪೊವೊದು ಬ್ರಾಕು ದೊವೊದುಫ್’ (ಸಾಕ್ಷ್ಯಾಧಾರಗಳ ಅಭಾವದಿಂದ).

ಒಂದು ಅಳತೆ ಇದ್ದು ಅದಕ್ಕಿಂತ ಕಡಿಮೆ ಇದ್ದರೆ ‘ನ್ಯೆದೊಬೂರ್’. ಇದು ನಮ್ಮ ‘ಕೊರತೆ’. ವೈದ್ಯಕೀಯದಲ್ಲಿ ಇದರದೇ ರಾಜ್ಯ: ‘ನ್ಯೆದೊಬೂರ್ ಝೆಲಾಜ಼ಾ’ ಕಬ್ಬಿಣಾಂಶದ ಕೊರತೆ, ‘ನ್ಯೆದೊಬೂರ್ ವಿತಾಮಿನಿ ದೆ’ ವಿಟಮಿನ್ ಡಿ ಕೊರತೆ. ಅಲ್ಲಿಯ ಚಳಿಗಾಲದಲ್ಲಿ ಬಿಸಿಲು ಅಪರೂಪ, ಹಾಗಾಗಿ ಈ ಎರಡನೆಯದನ್ನು ವೈದ್ಯರ ಬಾಯಲ್ಲಿ ಕೇಳುವ ಸಂಭವ ಹೆಚ್ಚು. ಇಲ್ಲಿ ಬ್ರಾಕ್ ಎಂದರೆ ದೇಹದಲ್ಲಿ ಆ ವಿಟಮಿನ್ನೇ ಇಲ್ಲ ಎಂಬ ಧ್ವನಿ ಬರುತ್ತದೆ. ನ್ಯೆದೊಬೂರ್‌ಗೆ ಎದುರು ಪದ ‘ನಾದ್ಮ್ಯಾರ್’, ಹೆಚ್ಚಳ.

ಈ ಪದದ ಮುಂದಿರುವ ‘ನ್ಯೆದೊ’ ಎಂಬ ತುಣುಕನ್ನು ಹಿಡಿದುಕೊಂಡರೆ ಒಂದು ಕೀಲಿ ಸಿಕ್ಕಂತೆ. ‘ಎಷ್ಟಿರಬೇಕೋ ಅಷ್ಟನ್ನು ಮುಟ್ಟದ’ ಎಂಬ ಅರ್ಥ ಅದರದು. ವಾಗಾ ಎಂದರೆ ತೂಕ. ನ್ಯೆದೊವಾಗಾ ಎಂದರೆ ತೂಕ ಕಡಿಮೆ ಇರುವುದು. ನ್ಯೆದೊಸ್ವುಹ್ ಕಿವಿ ಮಂದ. ನ್ಯೆದೊಝಿವ್ಯೆನ್ಯೆ ಅಪೌಷ್ಟಿಕತೆ. ನ್ಯೆದೊಚಿನ್ನೊಶ್ಚ್ ತಾರ್ಚಿತ್ಸಿ ಥೈರಾಯ್ಡ್ ಕಡಿಮೆ ಕೆಲಸ ಮಾಡುವುದು. ನ್ಯೆದೊಕ್ರ್‌ಫಿಸ್ತೊಶ್ಚ್ ರಕ್ತಹೀನತೆ. ವೈದ್ಯಕೀಯ ವರದಿ ಕೈಗೆ ಬಂದಾಗ ಈ ಆರಂಭವನ್ನು ಗುರುತಿಸಿದರೆ ಪದದ ಉಳಿದ ಭಾಗ ಗೊತ್ತಿಲ್ಲದಿದ್ದರೂ ಏನೋ ಕಡಿಮೆ ಇದೆ ಎಂಬುದಾದರೂ ತಿಳಿಯುತ್ತದೆ. ಊಟ ಚೆನ್ನಾಗಿತ್ತು, ಇನ್ನಷ್ಟು ಬೇಕಿತ್ತು ಎಂಬ ಅರೆತೃಪ್ತಿಗೂ ಒಂದು ಪದವಿದೆ, ‘ನ್ಯೆದೊಸಿತ್’. ಪಂದ್ಯ ಡ್ರಾ ಆದಾಗ ಆಟಗಾರರೂ ಇದನ್ನೇ ಹೇಳುತ್ತಾರೆ. ನನಗೆ ಬಹಳ ಇಷ್ಟದ ಪದ.

ಸರ್ಕಾರದ ಆಯವ್ಯಯ, ವ್ಯಾಪಾರದ ಬಾಕಿ ಬಂದಲ್ಲಿ ‘ದೆಫಿತ್ಸಿತ್’. ಕನ್ನಡ ಪತ್ರಿಕೆಯ ‘ಖೋತಾ’ ಇದೇ. ಕೆಲಸ ಹುಡುಕುವವರಿಗೆ ಇದರಿಂದ ಹುಟ್ಟಿದ ಒಂದು ಮಾತು ತುಂಬ ಮುಖ್ಯ: ‘ಜ಼ಾವೊದಿ ದೆಫಿತ್ಸಿತೋವೆ’, ಅಂದರೆ ಕೆಲಸಗಾರರು ಸಾಲದಿರುವ ವೃತ್ತಿಗಳು. ‘ಬಾರೊಮೆತ್ರ್ ಜ಼ಾವೊದುಫ್’ ಎಂಬ ವಾರ್ಷಿಕ ಸಮೀಕ್ಷೆ ವೃತ್ತಿಗಳನ್ನು ಕೊರತೆ ಇರುವ, ಸಮತೋಲದ, ಹೆಚ್ಚುವರಿ ಎಂದು ಮೂರಾಗಿ ವಿಂಗಡಿಸಿ ಜಿಲ್ಲಾವಾರು ಪ್ರಕಟಿಸುತ್ತದೆ. ನಿಮ್ಮ ವೃತ್ತಿ ಕೊರತೆಯ ಪಟ್ಟಿಯಲ್ಲಿದ್ದರೆ ಅದು ನಿಮಗೆ ಒಳ್ಳೆಯ ಸುದ್ದಿ.

ಬಡತನದ ಅರ್ಥದ ಕೊರತೆಗೆ ‘ನ್ಯೆದೊಸ್ತಾತೆಕ್’. ಗಲ್ಲಾಪೆಟ್ಟಿಗೆಯಲ್ಲಿ, ದಾಸ್ತಾನಿನಲ್ಲಿ ಲೆಕ್ಕಕ್ಕೆ ಕಡಿಮೆ ಬಿದ್ದರೆ ‘ಮಾಂಕೊ’. ಅಂಗಡಿಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲೇಬೇಕು. ಅಟೆಂಡೆನ್ಸ್ ಶಾರ್ಟೇಜ್‌ಗೆ ಇವು ಯಾವುವೂ ಹೊಂದುವುದಿಲ್ಲ; ಹಾಜರಾತಿಗೆ ‘ಫ್ರೆಕ್ವೆಂತ್ಸ್ಯಾ’ ಎಂಬ ಪದವಿದೆ, ಅದು ‘ನಿಸ್ಕಾ’ (ಕಡಿಮೆ) ಎಂದರೆ ಆಯಿತು.

ಹಂತ 5: ಫಲಕ, ಪರದೆ, ಅರ್ಜಿ, ನೋಟಿಸು

ಮಾತಿನಲ್ಲಿ ಹಿಂದೆ ಸರಿದ ‘ಬ್ರಾಕ್’ ಬರಹದಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಫೋನಿನಲ್ಲಿ ‘ಬ್ರಾಕ್ ಜ಼ಾಶೆಂಗು’ ಎಂದರೆ ನೆಟ್‌ವರ್ಕ್ ಇಲ್ಲ. ಕಾರ್ಡು ಉಜ್ಜಿದಾಗ ‘ಬ್ರಾಕ್ ಶ್ರೊತ್ಕುಫ್’ ಬಂದರೆ ಖಾತೆಯಲ್ಲಿ ಹಣವಿಲ್ಲ. ವೆಬ್ ಅಂಗಡಿಯಲ್ಲಿ ‘ಬ್ರಾಕ್ ತೊವಾರು’ ಎಂದರೆ ಸರಕು ಖಾಲಿ. ‘ಬ್ರಾಕ್ ವಿನಿಕುಫ್’ ಎಂದರೆ ಹುಡುಕಿದ್ದು ಸಿಗಲಿಲ್ಲ. ಅಪಾರ್ಟ್‌ಮೆಂಟಿನ ಬಾಗಿಲಿಗೆ ಅಂಟಿಸಿದ ನೀರಿನ ನೋಟಿಸಿನಲ್ಲಿ ಮಾತ್ರ ‘ಪ್ಶೆರ್ವಾ ವ್ ದೊಸ್ತಾವ್ಯೆ ವೊದಿ’ ಎಂದಿರುತ್ತದೆ. ಅದು ಕೊರತೆಯಲ್ಲ, ರಿಪೇರಿಗಾಗಿ ಕೆಲವು ಗಂಟೆ ಪೂರೈಕೆ ನಿಲ್ಲಿಸುವುದು.

ಅರ್ಜಿ ತುಂಬುವಾಗ ನಿಮಗೆ ಸಂಬಂಧಿಸಿದ ಕಲಂ ಆಗಿದ್ದು ಉತ್ತರ ‘ಏನೂ ಇಲ್ಲ’ ಎಂದಾದರೆ ‘ಬ್ರಾಕ್’ ಎಂದು ಬರೆಯಿರಿ. ಪ್ರಶ್ನೆಯೇ ನಿಮಗೆ ಅನ್ವಯಿಸದಿದ್ದರೆ ‘ನ್ಯೆ ದೊತಿಚಿ’. ಮಕ್ಕಳಿದ್ದಾರೆಯೇ ಎಂಬಲ್ಲಿ ಇಲ್ಲದಿದ್ದರೆ ಬ್ರಾಕ್. ಸಂಗಾತಿಯ ಉದ್ಯೋಗ ಎಂಬಲ್ಲಿ ಮದುವೆಯಾಗದವರು ನ್ಯೆ ದೊತಿಚಿ. ಖಾಲಿ ಬಿಟ್ಟರೆ ತುಂಬಲು ಮರೆತಿದ್ದೀರಿ ಎಂದು ಅಧಿಕಾರಿ ತಿಳಿಯಬಹುದು.

ಮರೆತಿದ್ದರೆ ಬರುವ ಪತ್ರವೇ ಈ ಮಾರ್ಗದರ್ಶಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ. ವಾಸದ ಪರವಾನಗಿಗೆ ಪ್ರಾಂತ್ಯದ ಕಚೇರಿಗೆ ಅರ್ಜಿ ಹಾಕಿದವರಿಗೆ ಹಲವು ಸಲ ಹೀಗೊಂದು ತಲೆಬರಹದ ಪತ್ರ ಬರುತ್ತದೆ: ‘ವೆಜ಼್ವಾನ್ಯೆ ದೊ ಉಜ಼ುಪೆವ್ನ್ಯೆನ್ಯಾ ಬ್ರಾಕುಫ್ ಫೊರ್ಮಾಲ್ನಿಹ್’. ‘ಅರ್ಜಿಯಲ್ಲಿನ ಔಪಚಾರಿಕ ಕೊರತೆಗಳನ್ನು ತುಂಬಿಕೊಡಲು ಸೂಚನೆ’ ಎಂದು ಇದರ ಅರ್ಥ. ಇಲ್ಲಿ ಬ್ರಾಕ್‌ನ ಬಹುವಚನ ‘ಬ್ರಾಕಿ’ ಬಂದಿದೆ: ಇಲ್ಲದ ಸಹಿ, ಇಲ್ಲದ ಫೋಟೊ, ಕಟ್ಟದ ಶುಲ್ಕ. ಅರ್ಜಿ ತಿರಸ್ಕೃತವಾಯಿತೆಂದು ಗಾಬರಿಯಾಗಬೇಕಿಲ್ಲ. ಹಾಗೆಂದು ಮೇಜಿನ ಮೇಲೆ ಬಿಡುವ ಪತ್ರವೂ ಅಲ್ಲ. 1960ರ ಆಡಳಿತ ಪ್ರಕ್ರಿಯಾ ಸಂಹಿತೆಯ 64ನೇ ವಿಧಿಯ ಪ್ರಕಾರ ಕಚೇರಿ ಕೊಡುವ ಗಡುವು 7 ದಿನಕ್ಕಿಂತ ಕಡಿಮೆ ಇರುವಂತಿಲ್ಲ. ಆ ಗಡುವು ಮೀರಿದರೆ ಅರ್ಜಿಯನ್ನು ಪರಿಶೀಲಿಸದೆಯೇ ಬದಿಗಿಡುತ್ತಾರೆ.

ಹೀಗೆ ಮಾಡಿ. ಪತ್ರ ತಲುಪಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಡಿ. ಆ ದಿನ ಲೆಕ್ಕಕ್ಕಿಲ್ಲ, ಮರುದಿನದಿಂದ ಎಣಿಸಿ. ಕೊನೆಯ ದಿನ ಶನಿವಾರವೋ ಸರ್ಕಾರಿ ರಜೆಯೋ ಆದರೆ ಮುಂದಿನ ಕೆಲಸದ ದಿನದವರೆಗೆ ಅವಕಾಶವಿದೆ. ಆಮೇಲೆ ಪತ್ರದಲ್ಲಿ ‘ಬ್ರಾಕೂಯೊಂತ್ಸೆ ದೊಕುಮೆಂತಿ’ (ಇಲ್ಲದ ದಾಖಲೆಗಳು) ಎಂಬ ಮಾತನ್ನು ಹುಡುಕಿ. ಪಟ್ಟಿ ಅದರ ಹಿಂದೆಯೋ ಮುಂದೆಯೋ ಇರುತ್ತದೆ. ಪಟ್ಟಿಯಲ್ಲಿರುವುದನ್ನೆಲ್ಲ ಒಟ್ಟಿಗೆ ಕೊಡಿ, ಪ್ರಕರಣದ ಸಂಖ್ಯೆಯನ್ನು ಮರೆಯದೆ ಬರೆಯಿರಿ, ಸ್ವೀಕೃತಿ ಇಟ್ಟುಕೊಳ್ಳಿ. ಅಂಚೆಯವರು ಬಂದಾಗ ಮನೆಯಲ್ಲಿ ಇಲ್ಲದಿದ್ದರೆ ‘ಅವೀಜ಼ೊ’ ಎಂಬ ಚೀಟಿ ಬಿಟ್ಟು ಹೋಗುತ್ತಾರೆ. 14 ದಿನ ಅಂಚೆ ಕಚೇರಿಯಲ್ಲಿ ಕಾದ ಪತ್ರವನ್ನು ನೀವು ಒಯ್ಯದಿದ್ದರೂ ಅದು ನಿಮಗೆ ತಲುಪಿದಂತೆಯೇ ಎಂದು ಕಾನೂನು ಎಣಿಸುತ್ತದೆ, ಗಡುವು ಓಡತೊಡಗುತ್ತದೆ. ಊರಿಗೆ ಬರುವಾಗ ಅಂಚೆಪೆಟ್ಟಿಗೆಯ ಬೀಗದ ಕೈಯನ್ನು ನಂಬಿಕಸ್ಥ ಗೆಳೆಯರ ಬಳಿ ಬಿಟ್ಟು ಬನ್ನಿ.

‘ಬ್ರಾಕಿ’ ಕಲಿಕೆಯಲ್ಲೂ ಬರುತ್ತದೆ. ‘ಮಾಮ್ ಬ್ರಾಕಿ ವ್ ಮಾತೆಮಾತಿತ್ಸೆ’ ಎಂದರೆ ನನ್ನ ಗಣಿತದಲ್ಲಿ ಹುಳುಕುಗಳಿವೆ. ಒಂದನೇ ಹಂತದಲ್ಲಿ ‘ಮಾಮ್’ ಬೇಡವೆಂದಿದ್ದೆ. ಈ ಬಹುವಚನದ ಜೊತೆ ಅದು ಸರಿ.

ಹಂತ 6: ಹಳೆಯ ತಲೆಮಾರಿನ ಮಾತು ಅರ್ಥವಾಗಬೇಕಾದರೆ

ಪೋಲಿಷ್ ಹಿರಿಯರ ಮಾತಿನಲ್ಲಿ ಕೊರತೆಗೆ ಇನ್ನೊಂದು ಶಬ್ದಕೋಶವೇ ಇದೆ. ಕಮ್ಯುನಿಸ್ಟ್ ಆಡಳಿತದಲ್ಲಿ 1976ರಿಂದ ಸಕ್ಕರೆಗೆ, 1981ರಿಂದ ಮಾಂಸಕ್ಕೆ ಕೂಪನ್ ವ್ಯವಸ್ಥೆ ಇತ್ತು. ಮಾಂಸದ ಕೂಪನ್ 1989ರವರೆಗೂ ನಡೆಯಿತು. ಆ ಕೂಪನ್ ‘ಕಾರ್ತ್ಕಿ’, ಸರತಿ ಸಾಲು ‘ಕೊಲೆಯ್ಕಾ’, ಸಿಗದ ಸರಕು ‘ತೋವಾರ್ ದೆಫಿತ್ಸಿತೋವಿ’. ಅಂಗಡಿಗೆ ಸರಕು ಬಂತೆನ್ನಲು ‘ಝುಚಿಲಿ’ ಎನ್ನುತ್ತಿದ್ದರು, ‘ಎಸೆದರು’ ಎಂದು. ಕಿತ್ತಳೆ ಎಸೆದರು, ಟಾಯ್ಲೆಟ್ ಪೇಪರ್ ಎಸೆದರು. ಪರಿಚಿತರಿಗಾಗಿ ತೆಗೆದಿಟ್ಟದ್ದು ‘ಸ್ಪೊದ್ ಲಾದಿ’, ಕೌಂಟರಿನ ಅಡಿಯಿಂದ. ಅರವತ್ತು ದಾಟಿದವರ ಜೊತೆ ಕೂತು ಈ ಪದಗಳ ಬಗ್ಗೆ ಕೇಳಿ ನೋಡಿ. ಪಠ್ಯಪುಸ್ತಕ ಕಲಿಸದ ಪೋಲಿಷ್ ಅಲ್ಲಿ ಸಿಗುತ್ತದೆ.

‘ಬ್ರಾಕ್’ ಜರ್ಮನ್ ಕಡೆಯಿಂದ ಬಂದ ಪದ. ಅದಕ್ಕೆ ‘ಕಾರ್ಖಾನೆಯಲ್ಲಿ ಕೆಟ್ಟುಹೋದ ಮಾಲು’ ಎಂಬ ಅರ್ಥವೂ ಉಂಟು. ಹಾಗಾಗಿ ‘ವಿಬ್ರಾಕೊವಾನಿ ತೋವಾರ್’ ಎಂದರೆ ದೋಷವಿರುವ ಸರಕು. ಕಚೇರಿಯ ಕಪಾಟಿನ ಮೇಲೆ ‘ಬ್ರಾಕೊವಾನ್ಯೆ ದೊಕುಮೆಂತಾತ್ಸಿ’ ಎಂದು ಕಂಡರೆ ಕಡತ ಕಳೆದಿದೆ ಎಂದಲ್ಲ, ಅವಧಿ ಮುಗಿದ ಕಡತಗಳನ್ನು ಆರಿಸಿ ವಿಲೇವಾರಿ ಮಾಡುತ್ತಿದ್ದಾರೆ ಎಂದು.

ಹಂತ 7: ನುಡಿಗಟ್ಟುಗಳು

ತೊಂದರೆಯ ಮೇಲೆ ತೊಂದರೆ ಬಂದಾಗ ‘ತಿಲ್ಕೊ ತೆಗೊ ಬ್ರಾಕೊವಾವೊ!’ ಎನ್ನಿ, ನಮ್ಮ ‘ಇದೊಂದು ಬಾಕಿ ಇತ್ತು ನೋಡು!’ ಎಂಬುದೇ. ಕೂದಲೆಳೆಯಲ್ಲಿ ತಪ್ಪಿತು ಎನ್ನಲು ‘ನ್ಯೆವ್ಯೆಲೆ ಬ್ರಾಕೊವಾವೊ’. ಎಲ್ಲ ಇರುವವನನ್ನು ಕುರಿತು ‘ಬ್ರಾಕೂಯೆ ಮು ತಿಲ್ಕೊ ಪ್ತಾಶೆಗೊ ಮ್ಲೆಕಾ’, ಅವನಿಗೆ ಇಲ್ಲದ್ದೆಂದರೆ ಹಕ್ಕಿಯ ಹಾಲೊಂದೇ. ತಲೆ ಸರಿ ಇಲ್ಲದವನಿಗೆ ಪೀಪಾಯಿಯ ಐದನೆಯ ಹಲಗೆ ಇಲ್ಲ ಎನ್ನುತ್ತಾರೆ: ‘ಬ್ರಾಕೂಯೆ ಮು ಪ್ಯೋಂತೆಯ್ ಕ್ಲೆಪ್ಕಿ’. ಇದನ್ನು ಕೇಳಿ ಅರ್ಥಮಾಡಿಕೊಂಡರೆ ಸಾಕು, ಆಡಬೇಡಿ. ‘ಜ಼್ ಬ್ರಾಕು ಲಾಕು ದೊಬ್ರಿ ಕಿತ್’ ಎಂಬ ಗಾದೆಗೆ ಮುದ್ರೆಯ ಅರಗು ಇಲ್ಲದಿದ್ದರೆ ಕಿಟಕಿಗೆ ಮೆತ್ತುವ ಲಪ್ಪವೇ ಒಳ್ಳೆಯದು ಎಂದರ್ಥ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಜಾಡಿನದು, ಆದರೆ ಅಷ್ಟು ಕಟುವಲ್ಲ.

ಮನುಷ್ಯರ ವಿಷಯದಲ್ಲಿ ಈ ಕ್ರಿಯಾಪದ ತುಂಬ ಮೆತ್ತಗಾಗುತ್ತದೆ. ‘ಬ್ರಾಕೂಯೆ ಮಿ ಚೆಬ್ಯೆ’ ಎಂದರೆ ನೀನಿಲ್ಲದೆ ಏನೋ ಕಳೆದುಕೊಂಡಂತಿದೆ. ‘ತೆಸ್ಕ್ನ್ಯೆ’ ಎಂಬುದು ಹಂಬಲ; ಇದು ಹಂಬಲಕ್ಕಿಂತ ಶಾಂತವಾದದ್ದು.

ಅಭ್ಯಾಸಕ್ಕೆ

ಉತ್ತರವನ್ನು ಮುಚ್ಚಿಟ್ಟು ಗಟ್ಟಿಯಾಗಿ ಹೇಳಿ ನೋಡಿ.

ಅಂಗಡಿಯಲ್ಲಿ ಅಕ್ಕಿ ತೀರಿತ್ತು. — ಫ್ ಸ್ಕ್ಲೆಪ್ಯೆ ಜ಼ಬ್ರಾಕ್ವೊ ರಿಝು.

ಅಮ್ಮನಿಗೆ ಕಬ್ಬಿಣಾಂಶದ ಕೊರತೆ ಇದೆ. — ಮಾಮಾ ಮಾ ನ್ಯೆದೊಬೂರ್ ಝೆಲಾಜ಼ಾ. (ವೈದ್ಯಕೀಯ ಕೊರತೆಯಲ್ಲಿ ‘ಮಾ’, ಅಂದರೆ ‘ಹೊಂದಿದ್ದಾರೆ’, ಸಹಜ.)

ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನೀರಿಗೆ ಪರದಾಡಿದ್ದನ್ನು ಸಹೋದ್ಯೋಗಿಗಳು ಕೇಳಿದರೆ? — ವ್ ಬೆಂಗಲೂರು ಬ್ರಾಕೊವಾವೊ ವೊದಿ. ತಿಂಗಳುಗಟ್ಟಲೆ ನಡೆದದ್ದು, ಆದ್ದರಿಂದ ಜ಼ಬ್ರಾಕ್ವೊ ಅಲ್ಲ.

ಅವಳಿಗೆ ಧೈರ್ಯಕ್ಕೇನೂ ಬರವಿಲ್ಲ. — ಒದ್ವಾಗಿ ಯೆಯ್ ನ್ಯೆ ಬ್ರಾಕೂಯೆ. ಧೈರ್ಯವನ್ನು ವಾಕ್ಯದ ಮೊದಲಿಗೆ ತಂದಿದ್ದರಿಂದ ಒತ್ತು ಅದರ ಮೇಲೆ ಬೀಳುತ್ತದೆ. ಕನ್ನಡದಲ್ಲಿ ‘ಧೈರ್ಯಕ್ಕೇನೂ’ ಎಂದು ಎಳೆದು ಹೇಳಿದ ಹಾಗೆ.